ಬರ್ಮಾ ಶೆಲ್ ಬಿಟ್ಟು ಸ್ಪಿಟ್‌ಫೈರ್ ಹಿಂದೆ ಹೋದ ಹುಡುಗ

ಪಿಯುಸಿ ಫಲಿತಾಂಶ ಬಂದ ವಾರ ಕಲಬುರಗಿಯ ನೆಹರು ಗಂಜ್‌ನ ಅಡತಿ ಅಂಗಡಿಗಳಲ್ಲಿ ತೊಗರಿಯ ದರದಷ್ಟೇ ಮಕ್ಕಳ ಅಂಕಗಳ ಚರ್ಚೆಯೂ ನಡೆಯುತ್ತದೆ. ಕಮಲಾಪುರದ ಕಡೆಯಿಂದ ಲೆಕ್ಕ ಚುಕ್ತಾ ಮಾಡಲು ಬಂದ ರೈತನೊಬ್ಬ, ಮಗಳಿಗೆ ವಿಜ್ಞಾನದಲ್ಲಿ ತೊಂಬತ್ತಾರು ಬಂದಿದೆಯೆಂದು ಎಲ್ಲರಿಗೂ ಚಹಾ ಹೇಳುತ್ತಾನೆ ಎನ್ನಿ. ಮುಂದೇನು ಎಂದರೆ, ಬಿಎಸ್ಸಿ ಮಾಡಿ ಸಂಶೋಧನೆಗೆ ಹೋಗುತ್ತಾಳಂತೆ. ಅಂಗಡಿಯಲ್ಲಿ ಒಂದು ಗಳಿಗೆ ಮೌನ. ಆಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಇಷ್ಟ್ ಮಾರ್ಕ್ಸ್ ತಗೊಂಡು ಬರೇ ಬಿಎಸ್ಸಿ ಯಾಕ್ರೀ? ಅದ್ರಾಗ ಎಷ್ಟ್ ಸಿಗ್ತದ?”

ಪ್ರಶ್ನೆ ತಪ್ಪಲ್ಲ. ಚೀಲ ತೂಗಿ ರೊಕ್ಕ ಎಣಿಸುವ ಜಾಗದಲ್ಲಿ ಬೇರೆ ಪ್ರಶ್ನೆ ಬಂದರೇ ಆಶ್ಚರ್ಯ. ಎಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಬ್ಬ ಹುಡುಗನ ಮುಂದೆಯೂ ಇಂಥದೇ ಪ್ರಶ್ನೆ ಬಂದಿತ್ತು.

ರೊದ್ದಂ ನರಸಿಂಹ 1953ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದಾಗ ಹಿತೈಷಿಗಳು ಕೊಟ್ಟ ಸಲಹೆ ಎರಡೇ: ರೈಲ್ವೆಗೆ ಸೇರು, ಇಲ್ಲವೇ ಬರ್ಮಾ ಶೆಲ್ ತೈಲ ಕಂಪನಿಗೆ. ಒಂದರಲ್ಲಿ ಭದ್ರತೆ, ಇನ್ನೊಂದರಲ್ಲಿ ಕೈತುಂಬ ಸಂಬಳ. ಹುಡುಗನ ಮನಸ್ಸು ಮಾತ್ರ ಬೇರೆಡೆ ನೆಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದ ಅಂಗಳದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಸ್ಪಿಟ್‌ಫೈರ್ ವಿಮಾನವೊಂದನ್ನು ನಿಲ್ಲಿಸಿದ್ದರು. ಅದನ್ನು ನೋಡಿದ್ದ ನರಸಿಂಹ ಅದೇ ಸಂಸ್ಥೆಗೆ ಸೇರಿದರು. ಅಲ್ಲಿ ಸಿಕ್ಕ ಗುರು ಸತೀಶ್ ಧವನ್.

ಕೈಗೆತ್ತಿಕೊಂಡ ವಿಷಯ ಯಾವುದು ಗೊತ್ತೇ? ಊದುಬತ್ತಿಯ ಹೊಗೆಯನ್ನು ಗಮನಿಸಿ. ಸ್ವಲ್ಪ ಎತ್ತರದವರೆಗೆ ನೆಟ್ಟಗೆ ಏರಿ, ಆಮೇಲೆ ಸುರುಳಿ ಸುರುಳಿಯಾಗಿ ಚೆದರುತ್ತದೆ. ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯೂ ಹೀಗೆಯೇ ಶಾಂತವಾಗಿದ್ದದ್ದು ಕಲಕಿಹೋಗುತ್ತದೆ. ಎಲ್ಲಿ, ಹೇಗೆ ಕಲಕುತ್ತದೆ ಎಂಬುದೇ ಅವರ ಪ್ರಶ್ನೆ. ಇದೇ ಹಾದಿಯಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋಗಿ 1961ರಲ್ಲಿ ಡಾಕ್ಟರೇಟ್ ಪಡೆದರು. ಆಗ ಅಲ್ಲಿ ಬಾಹ್ಯಾಕಾಶದ ಭರಾಟೆ. ಇಂಥ ವಿದ್ಯೆ ಬಲ್ಲವರಿಗೆ ಕೆಲಸಕ್ಕೆ ಬರವಿರಲಿಲ್ಲ. ಆದರೂ 1962ರಲ್ಲಿ ಬೆಂಗಳೂರಿಗೆ ಮರಳಿ ಪಾಠ ಹೇಳತೊಡಗಿದರು.

ಇದನ್ನು ತ್ಯಾಗ ಎನ್ನುವ ರೂಢಿಯಿದೆ. ಆ ಮಾತು ಅಷ್ಟು ಸರಿಯಲ್ಲ. ಮಾಗಿಯ ರಾತ್ರಿ ಹೊಲ ಕಾಯುವವರಿಗೆ ನೆಲ ಬೇಗ ತಣ್ಣಗಾಗುವುದು ಗೊತ್ತು. ಹಾಗಾದರೆ ನೆಲಕ್ಕೆ ತಾಗಿದ ಗಾಳಿಯೇ ಎಲ್ಲಕ್ಕಿಂತ ತಣ್ಣಗಿರಬೇಕಲ್ಲವೇ? 1932ರಲ್ಲಿ ಎಲ್.ಎ. ರಾಮದಾಸ್ ಎಂಬ ಹವಾಮಾನ ವಿಜ್ಞಾನಿ ಅಳೆದು ನೋಡಿದಾಗ, ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಅತಿ ಕಡಿಮೆ ಉಷ್ಣತೆ ಇದ್ದದ್ದು ನೆಲದಿಂದ ಹಲವು ಸೆಂಟಿಮೀಟರ್ ಮೇಲೆ! ಪುಸ್ತಕದ ವಿಜ್ಞಾನ ಒಪ್ಪದ ಸಂಗತಿ. ಅರವತ್ತು ವರ್ಷಗಳ ಬಳಿಕ, 1993ರಲ್ಲಿ, ನರಸಿಂಹ ಮತ್ತು ಸಂಗಡಿಗರು ಅದಕ್ಕೊಂದು ವಿವರಣೆ ಕೊಟ್ಟರು. ಆಮೇಲೆ ಬೆಂಗಳೂರಿನಲ್ಲೇ ಇತರರು ಪ್ರಯೋಗ ನಡೆಸಿ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳೇ ಕಾರಣ ಎಂದು ಬೇರೆ ಉತ್ತರ ಮುಂದಿಟ್ಟರು. ಇದರಿಂದ ಯಾರಿಗೂ ಬಂಗಲೆ ಏಳಲಿಲ್ಲ. ಆದರೆ ಒಮ್ಮೆ ತಲೆಹೊಕ್ಕ ಇಂಥ ಪ್ರಶ್ನೆಯನ್ನು ಬಿಟ್ಟು ಏಳುವುದು ಸುಲಭವಲ್ಲ. ಜಾಣ ಮಕ್ಕಳು ಸಂಶೋಧನೆಗೆ ಅಂಟಿಕೊಳ್ಳುವುದು ಹೀಗೆ.

ಗಂಜ್‌ನವರಿಗೆ ಇದು ದೂರದ ಮಾತೆನಿಸಿದರೆ ಹತ್ತಿರದ್ದೇ ನೋಡಬಹುದು. ತೊಗರಿಗೆ ಬರುವ ನೆಟೆ ರೋಗ ಮಣ್ಣಿನೊಳಗಿನ ಶಿಲೀಂಧ್ರದ ಕೆಲಸ. ಅದು ಗಿಡದ ನೀರಿನ ನಾಳಗಳನ್ನೇ ಕಟ್ಟಿಬಿಡುತ್ತದೆ. ಕಾಯಿ ಕಟ್ಟಿದ ಗಿಡ ನಿಂತಲ್ಲೇ ಒಣಗುತ್ತದೆ. ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಬೇಕೆಂದೇ ರೋಗ ಹಚ್ಚಿದ ಹೊಲದಲ್ಲಿ ನೂರಾರು ಬಗೆಯ ತೊಗರಿ ಬಿತ್ತಿ, ಬದುಕಿದ ಗಿಡಗಳನ್ನು ಆರಿಸುತ್ತ ಹೋದರು. ಅಂಥ ಆಯ್ಕೆಯಿಂದ ಬಂದ ‘ಮಾರುತಿ’ ತಳಿ 1986ರಲ್ಲಿ ಕರ್ನಾಟಕದ ರೈತರ ಕೈಸೇರಿತು. ನಂತರ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್ ಬಂತು. ಬಿತ್ತಿದವರಿಗೆ ಬೆಳೆ ಉಳಿಯಿತು, ಗಂಜ್‌ಗೆ ಚೀಲ ಬಂದವು, ದಾಲ್ ಮಿಲ್ಲುಗಳು ಓಡಿದವು. ತಳಿ ಹುಡುಕಿದವರಿಗೆ ತಿಂಗಳ ಸಂಬಳ ಬಂತು. ಹಾಗೆಂದು ರೋಗ ಸೋತಿಲ್ಲ. 2022ರ ಹಂಗಾಮಿನಲ್ಲಿ ಈ ಜಿಲ್ಲೆಯ ತೊಗರಿಯನ್ನು ಅದು ಮತ್ತೆ ಒಣಗಿಸಿತು. ಮುಂದಿನ ತಳಿ ಹುಡುಕಲು ಯಾರಾದರೂ ಬೇಕಲ್ಲ?

ಈಗ ರೊಕ್ಕದ ಮಾತು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ಎಂದು ನಿಗದಿಯಾಯಿತು. ಓದುವಾಗಲೇ ಬರುವ ಹಣ ಎಂಬುದನ್ನು ಅನೇಕ ಪಾಲಕರು ಅರಿಯರು. ಆದರೆ ಪಿಎಚ್‌ಡಿ ಮುಗಿಯಲು ಐದು ವರ್ಷ ಹಿಡಿಯಬಹುದು, ಆಮೇಲೂ ಕಾಯಂ ಹುದ್ದೆ ಖಾತ್ರಿಯಿಲ್ಲ. ಗೆಳತಿಯರು ಮನೆ ಕಟ್ಟಿಸುವ ವಯಸ್ಸಿಗೆ ಈಕೆ ಬಾಡಿಗೆ ಕೋಣೆಯಲ್ಲಿರುತ್ತಾಳೆ. ಮನೆಯ ಮೇಲೆ ಸಾಲವಿದ್ದರೆ ಈ ಕಾಯುವಿಕೆ ಬಲು ಭಾರ. ನರಸಿಂಹ ಅವರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಅಂಥ ಮನೆ ಎಲ್ಲರಿಗೂ ಸಿಗದು ಎಂಬುದನ್ನೂ ಮರೆಯಬಾರದು.

ಆದ್ದರಿಂದ ನಿರ್ಧಾರಕ್ಕೆ ಮೊದಲು ಮಗು ಒಂದು ಪ್ರಯೋಗಾಲಯವನ್ನು ಕಣ್ಣಾರೆ ನೋಡಿರಲಿ. ಗುಲಬರ್ಗಾ ವಿಶ್ವವಿದ್ಯಾಲಯ ಊರಲ್ಲೇ ಇದೆ. ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಸ್ಪಿಟ್‌ಫೈರ್ ನಿಂತಿದ್ದ ಆ ಸಂಸ್ಥೆಯೂ ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಹಿಂದಿನ ರಾತ್ರಿ ಕಲಬುರಗಿಯಲ್ಲಿ ರೈಲು ಹತ್ತಿದರೆ ಬೆಳಗಿಗೆ ಬೆಂಗಳೂರು.