ಗೊಡ್ಡು ತೊಗರಿಗೆ ಔಷಧಿ ಯಾಕಿಲ್ಲ?

ನಮ್ಮ ಗೂಳೂರು ಕಡೆ ರಾಗಿ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಹಾಕೋದು ಹಿಂದಿನಿಂದ ಬಂದದ್ದು. ಮುಂಗಾರಲ್ಲಿ ಬಿತ್ತಿದ ತೊಗರಿ ಕಾರ್ತಿಕದಲ್ಲಿ, ಊರ ಗಣಪನ ಪೂಜೆ ನಡೆಯೋ ಹೊತ್ತಿಗೆ, ಹೂವಿಗೆ ಬರಬೇಕು. ಕೆಲವು ಗಿಡ ಮಾತ್ರ ಬರೋದೇ ಇಲ್ಲ. ಎಲೆ ಸಣ್ಣದು, ಮೇಲೆ ತಿಳಿಹಸಿರು ಮಚ್ಚೆ, ಗಿಡ ಪೊದೆಯ ಹಾಗೆ. ಒಣಗೋದೂ ಇಲ್ಲ, ಕಾಯಿ ಕಟ್ಟೋದೂ ಇಲ್ಲ. ಇದೇ ಗೊಡ್ಡು ರೋಗ. ಬಂಜೆ ರೋಗ ಅಂತಲೂ ಕರೀತಾರೆ.

"ಇದಕ್ಕೆ ಏನು ಹೊಡೀಬೇಕು?" ಅಂತ ಅಕ್ಕಪಕ್ಕದ ಹೊಲದವರು ಕೇಳ್ತಾರೆ. ರೋಗ ತರೋದು ವೈರಸ್. ಅದರ ಸ್ವಭಾವ ತಿಳಿದರೆ ಉತ್ತರ ತಾನಾಗಿ ಸಿಗುತ್ತೆ.

ಬ್ಯಾಕ್ಟೀರಿಯಾ, ಬೂಸ್ಟು ಇವೆಲ್ಲ ಸ್ವಂತ ಸಂಸಾರ ಇರೋ ಜೀವಿಗಳು. ಹಾಲಿಗೆ ಹೆಪ್ಪು ಹಾಕಿದರೆ ಅದರಲ್ಲಿನ ಬ್ಯಾಕ್ಟೀರಿಯಾ ತಾವೇ ಉಂಡು, ತಾವೇ ಬೆಳೆದು ಬೆಳಗಾಗೋದರೊಳಗೆ ಮೊಸರು ಮಾಡ್ತವೆ. ವೈರಸ್ಸಿಗೆ ಊಟವಿಲ್ಲ, ಉಸಿರಿಲ್ಲ. ಪ್ರೋಟೀನಿನ ಹೊದಿಕೆಯಲ್ಲಿ ಸುತ್ತಿಟ್ಟ ಒಂದು ಚೀಟಿ ಅನ್ನಿ. 'ನನ್ನಂಥವನ್ನೇ ಮಾಡು' ಅನ್ನೋದು ಅದರಲ್ಲಿರೋ ಅಪ್ಪಣೆ. ಹೊರಗೆ ಧೂಳಿನಂತೆ ಬಿದ್ದಿರುತ್ತೆ. ಜೀವಕೋಶದ ಒಳಹೊಕ್ಕಿತೋ, ಆ ಕೋಶ ತನ್ನ ಕೆಲಸ ಬಿಟ್ಟು ವೈರಸ್ಸಿನ ನಕಲು ತೆಗೆಯೋಕೆ ನಿಲ್ಲುತ್ತೆ. ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟ ಹಾಗೆ. ಕಾವು ಕೊಡೋದೂ ಕಾಗೆ, ಗುಟುಕು ಕೊಡೋದೂ ಕಾಗೆ.

ಗಿಡದ ಯಂತ್ರವನ್ನೇ ಬಳಸೋದರಿಂದ, ಗಿಡಕ್ಕೆ ತೊಂದರೆಯಾಗದಂತೆ ವೈರಸ್ಸನ್ನು ಕೊಲ್ಲೋ ಔಷಧಿ ನಮ್ಮ ಅಂಗಡಿಗಳಲ್ಲಿಲ್ಲ. ಬೋರ್ಡೋ ದ್ರಾವಣ ಬೂಸ್ಟಿಗೆ ಆದೀತು, ಇದಕ್ಕಲ್ಲ. ದನದ ಕಾಲುಬಾಯಿ ಜ್ವರವೂ ವೈರಸ್ಸೇ, ಅದಕ್ಕೆ ಲಸಿಕೆ ಉಂಟಲ್ಲ ಅನ್ನಬಹುದು. ಲಸಿಕೆ ಔಷಧಿಯಲ್ಲ, ರೋಗ ಬರೋ ಮುಂಚೆ ದನದ ರಕ್ತಕ್ಕೆ ಕಳ್ಳನ ಗುರುತು ಹೇಳಿಕೊಡೋದು. ಗಿಡಕ್ಕೆ ಅಂಥ ರಕ್ತವಿಲ್ಲ.

ವಿಜ್ಞಾನಿಗಳಿಗೇ ಇದು ಸುಲಭಕ್ಕೆ ಸಿಗಲಿಲ್ಲ. 1931ರಲ್ಲಿ ಬಿಹಾರದ ಪೂಸಾದಿಂದ ಈ ರೋಗ ಮೊದಲು ವರದಿಯಾಯಿತು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು ಸ್ಕಾಟ್ಲೆಂಡಿನವರ ಜೊತೆ ಸೇರಿ ವೈರಸ್ಸನ್ನು ಹಿಡಿದಾಗ 2000ನೇ ಇಸವಿ. ಆದರೆ ಹೊತ್ತು ತರೋ ನುಸಿ ಯಾವುದು ಅಂತ ಅದಕ್ಕೆ ಎಷ್ಟೋ ವರ್ಷ ಮುಂಚೆಯೇ ಗೊತ್ತಿತ್ತು. ರೈತನಿಗೆ ಬೇಕಾದ್ದೂ ಅದೇ.

ತೆಂಗಿನಕಾಯಿಗೆ ಗಾಯ ಮಾಡೋ ನುಸಿಯ ದಾಯಾದಿ ಇದು. ಉದ್ದ ಮಿಲಿಮೀಟರಿನ ಐದರಲ್ಲೊಂದು ಪಾಲು, ಬರಿಗಣ್ಣಿಗೆ ಕಾಣದು. ರೆಕ್ಕೆಯಿಲ್ಲ, ಗಾಳಿಯಲ್ಲಿ ತೇಲಿ ಬರುತ್ತೆ. ಬಿತ್ತನೆಯಾದ 45 ದಿನದೊಳಗೆ ರೋಗ ತಗುಲಿದರೆ ಆ ಗಿಡದ ಫಸಲು ಹೆಚ್ಚುಕಡಿಮೆ ಪೂರ್ತಿ ಹೋದಂತೆ. ತಡವಾಗಿ ತಗುಲಿದರೆ ಕೆಲವು ಕೊಂಬೆ ಗೊಡ್ಡು, ಕೆಲವಕ್ಕೆ ಕಾಯಿ.

ರೋಗ ಬೀಜದಿಂದ ಬರೋದಿಲ್ಲ. ಬೀಜೋಪಚಾರದಿಂದ ಇದು ನಿಲ್ಲದು. ಎಳೆ ಪೈರಿಗೆ ನೀರಲ್ಲಿ ಕರಗೋ ಗಂಧಕ ಹೊಡೆದರೆ ನುಸಿ ತಗ್ಗುತ್ತೆ, ಒಳಹೊಕ್ಕ ವೈರಸ್ ಅಲ್ಲೇ ಇರುತ್ತೆ. ತಳಿಗಳಲ್ಲಿ ಐಸಿಪಿ 7035 ಈ ರೋಗ ತಡೆಯುತ್ತೆ. ನಮ್ಮ ಬೆಂಗಳೂರು ಕಡೆಯ ವೈರಸ್ ಬಗೆ ಜೋರಿನದು, ಬೇರೆಡೆ ತಡೆದ ತಳಿ ಇಲ್ಲಿ ತಡೆಯದೇ ಹೋಗಬಹುದು. ಬೀಜ ಕೊಳ್ಳುವಾಗ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ.

ಎಲ್ಲಕ್ಕಿಂತ ಅಗ್ಗದ್ದು ಕೈಯಲ್ಲಿ ಕೀಳೋದು. ಗೊಡ್ಡು ಗಿಡ ಹಸಿರಾಗಿರುತ್ತೆ, ಮೇವಿಗಾಯಿತು ಅಂತ ನಮ್ಮವರು ಉಳಿಸ್ಕೊತಾರೆ. ನುಸಿಯ ತವರುಮನೆ ಅದೇ. ಕೊಯ್ಲಾದ ಮೇಲೆ ಚಿಗುರಿದ ಕೂಳೆ, ಬದುವಿನಲ್ಲಿ ತಾನೇ ಹುಟ್ಟಿದ ಗಿಡ, ಹಿತ್ತಿಲ ತೊಗರಿ ಇವುಗಳಲ್ಲೇ ಬೇಸಿಗೆ ಕಳೆದು ಮುಂಗಾರಿನ ಪೈರಿಗೆ ಬರುತ್ತೆ. ಮಚ್ಚೆ ಎಲೆ ಕಂಡ ದಿನವೇ ಕೀಳಿ. ಕಿತ್ತದ್ದನ್ನು ಬದುವಿನ ಮೇಲೆ ಬಿಡದೆ ಮೇಕೆಗೆ ಹಾಕಿ. ತೊಗರಿಯ ವೈರಸ್ ಮೇಕೆಗೂ ಅಂಟದು, ಮನುಷ್ಯರಿಗೂ ಅಂಟದು.