ರಾಜಕುಮಾರ ಮಾತು ಕೇಳುತ್ತಿಲ್ಲವೇ? ದೋಷ ಆಟದ್ದಲ್ಲ, ಕೀಲಿಮಣೆಯ ದಾರಿಯದ್ದು

ನೆಲಮಾಳಿಗೆಯ ಕಾವಲುಗಾರನೊಡನೆ ರಾಜಕುಮಾರನ ಕತ್ತಿವರಸೆ ನಡೆದಿದೆ. ಆಟಗಾರ ಶಿಫ್ಟ್ ಕೀಲಿಯನ್ನು ಒಂದರ ಹಿಂದೊಂದರಂತೆ ಒತ್ತುತ್ತಿದ್ದಾನೆ. ಐದನೆಯ ಬಾರಿ ಒತ್ತಿದೊಡನೆ ಪರದೆಯ ಮೇಲೆ ವಿಂಡೋಸ್‌ನ ಪ್ರಶ್ನೆಯೊಂದು ಬಂದು ನಿಲ್ಲುತ್ತದೆ: ‘ಸ್ಟಿಕಿ ಕೀಸ್’ ಸೌಲಭ್ಯ ಬೇಕೆ? ಅದನ್ನು ಓದಿ ಉತ್ತರಿಸುವಷ್ಟರಲ್ಲಿ ಕಾವಲುಗಾರ ತನ್ನ ಕೆಲಸ ಮುಗಿಸಿರುತ್ತಾನೆ.

‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ಇಂದಿನ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಆಡಲು ಹೊರಟವರಿಗೆ ಇದು ಪರಿಚಿತ ಸಂಕಟ. ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2 ಗಣಕಕ್ಕಾಗಿ ರಚಿಸಿದ ಈ ಆಟ 1990ರಲ್ಲಿ ಡಾಸ್ ಗಣಕಗಳಿಗೂ ಬಂದಿತು. ರಾಜಕುಮಾರಿಯನ್ನು ಬಿಡಿಸಲು ಆಟಗಾರನಿಗೆ ಇರುವುದು 60 ನಿಮಿಷ ಮಾತ್ರ. ಹೀಗಾಗಿ ಕೀಲಿಮಣೆ ಕೈಕೊಟ್ಟ ಪ್ರತಿ ಕ್ಷಣವೂ ನಷ್ಟದ ಬಾಬ್ತೇ ಸರಿ. ‘ಹಳೆಯ ಆಟ, ಹೊಸ ಗಣಕದಲ್ಲಿ ಓಡುವುದಿಲ್ಲ’ ಎಂದು ಹಲವರು ಅಲ್ಲಿಗೇ ಕೈಬಿಡುತ್ತಾರೆ. ವಾಸ್ತವದಲ್ಲಿ ಇಂತಹ ತೊಂದರೆಗಳ ಪೈಕಿ ಬಹುತೇಕವು ಕೆಲವೇ ನಿಮಿಷಗಳಲ್ಲಿ ಸರಿಹೋಗುವಂಥವು.

ದೋಷ ಎಲ್ಲಿದೆ?

ಡಾಸ್ ಆಟಗಳನ್ನು ಇಂದು ಆಡಲು ನೆರವಾಗುವ ತಂತ್ರಾಂಶಗಳಲ್ಲಿ 2002ರಲ್ಲಿ ಮೊದಲು ಬಿಡುಗಡೆಯಾದ ‘ಡಾಸ್‌ಬಾಕ್ಸ್’ ಪ್ರಮುಖವಾದುದು. ಇಂತಹ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಹೊಸ ಗಣಕದೊಳಗೆ ಹಳೆಯ ಗಣಕವೊಂದರ ಸೋಗು ಹಾಕುವುದು ಇದರ ಕೆಲಸ.

ಹಳೆಯ ಡಾಸ್ ಗಣಕದಲ್ಲಿ ಕೀಲಿಮಣೆಯ ಮೇಲೆ ಆಟಕ್ಕೆ ಏಕಸ್ವಾಮ್ಯವಿತ್ತು. ಕೀಲಿ ಒತ್ತಿದರೆ ಒಂದು ಸಂಖ್ಯೆ, ಬಿಟ್ಟರೆ ಅದಕ್ಕೆ 128 ಕೂಡಿಸಿದ ಇನ್ನೊಂದು ಸಂಖ್ಯೆ ಗಣಕಕ್ಕೆ ತಲುಪುತ್ತಿತ್ತು. ಉದಾಹರಣೆಗೆ ‘ಎ’ ಒತ್ತಿದರೆ 30, ಬಿಟ್ಟರೆ 158. ಇದನ್ನು ಸ್ಕ್ಯಾನ್ ಕೋಡ್ ಎನ್ನುತ್ತಾರೆ. ಆಟ ಇದನ್ನು ನೇರವಾಗಿ ಓದುತ್ತಿತ್ತು. ಇಂದು ಬೆರಳಿಗೂ ಆಟಕ್ಕೂ ನಡುವೆ ಕೀಲಿಮಣೆಯ ಮಂಡಲ, ವಿಂಡೋಸ್, ಎಮ್ಯುಲೇಟರ್ ಎಂಬ ಮೂರು ಚೌಕಿಗಳಿವೆ. ಸಂದೇಶ ಯಾವ ಚೌಕಿಯಲ್ಲಿ ತಡೆಯಲ್ಪಟ್ಟಿದೆ ಎಂಬುದನ್ನು ಗುರುತಿಸಿದರೆ ಪರಿಹಾರ ಸುಲಭ.

ವಿಂಡೋಸ್‌ನ ಅಡ್ಡಗಾಲು

ಶಿಫ್ಟ್ ಕೀಲಿಯನ್ನು ಸತತ ಐದು ಬಾರಿ ಒತ್ತಿದರೆ ಸ್ಟಿಕಿ ಕೀಸ್, ಬಲಬದಿಯ ಶಿಫ್ಟ್ ಅನ್ನು ಎಂಟು ಸೆಕೆಂಡು ಒತ್ತಿಹಿಡಿದರೆ ‘ಫಿಲ್ಟರ್ ಕೀಸ್’ ಎಚ್ಚರಗೊಳ್ಳುತ್ತವೆ. ಎರಡನೆಯದು ಜಾರಿಯಾದರೆ ಚುರುಕಾಗಿ ಒತ್ತಿದ ಕೀಲಿಗಳನ್ನು ಗಣಕ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಚ್ಚರಿಕೆಯ ಹೆಜ್ಜೆಗೂ, ಕತ್ತಿಯ ಹೊಡೆತಕ್ಕೂ ಶಿಫ್ಟ್ ಅನ್ನೇ ನಂಬಿರುವ ಪ್ರಿನ್ಸ್‌ನಂತಹ ಆಟಕ್ಕೆ ಇದು ಮಾರಕ.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ, ಕೀಬೋರ್ಡ್ ಶೀರ್ಷಿಕೆಯಡಿ ಈ ಎರಡರ ಶಾರ್ಟ್‌ಕಟ್‌ಗಳನ್ನು ಮಾತ್ರ ಆರಿಸಬೇಕು. ವಿಂಡೋಸ್ 10ರಲ್ಲಿ ಈ ವಿಭಾಗದ ಹೆಸರು ‘ಈಸ್ ಆಫ್ ಆಕ್ಸೆಸ್’. ಒಂದೇ ಕೈಯಿಂದ ಗಣಕ ಬಳಸುವವರಿಗೆ ಈ ಸೌಲಭ್ಯಗಳು ಅತ್ಯಗತ್ಯವೆಂಬುದನ್ನು ಮರೆಯಬಾರದು. ಮನೆಯ ಗಣಕವನ್ನು ಅಂಥವರೂ ಬಳಸುತ್ತಿದ್ದರೆ ಆಟ ಮುಗಿದ ಮೇಲೆ ಶಾರ್ಟ್‌ಕಟ್‌ಗಳನ್ನು ಮೊದಲಿನಂತೆ ಮಾಡಿಡುವುದು ಒಳಿತು.

ಕನ್ನಡ ಕೀಲಿಮಣೆ ಇದ್ದವರಿಗೆ

ಇಂಗ್ಲಿಷಿನ ಜೊತೆಗೆ ಕನ್ನಡ ವಿನ್ಯಾಸವನ್ನೂ ಅಳವಡಿಸಿಕೊಂಡವರಿಗೆ ಇನ್ನೊಂದು ತೊಡಕಿದೆ. ಎಡಬದಿಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ವಿಂಡೋಸ್ ಭಾಷೆ ಬದಲಿಸಬಲ್ಲದು. ಡಾಸ್ ಆಟಗಳಿಗೆ ಈ ಎರಡೂ ಕೀಲಿಗಳು ಪ್ರಿಯವಾದವು. ಆಟದ ನಡುವೆ ಅರಿವಿಲ್ಲದೆ ಭಾಷೆ ಬದಲಾಗಿ, ಅಕ್ಷರ ಕೀಲಿಗಳು ಕೈಕೊಡುವ ಸಾಧ್ಯತೆ ಇದೆ. ಕೀಬೋರ್ಡ್‌ನ ಮುಂದುವರಿದ ಸೆಟ್ಟಿಂಗ್ಸ್‌ನಲ್ಲಿ ಭಾಷಾ ಬದಲಾವಣೆಯ ‘ಹಾಟ್ ಕೀ’ಯನ್ನು ತೆಗೆದುಹಾಕಿದರೆ ಸಾಕು. ಪ್ರತ್ಯೇಕ ಕನ್ನಡ ಲಿಪಿ ತಂತ್ರಾಂಶ ಬಳಸುವವರು ಆಟಕ್ಕೆ ಮುನ್ನ ಅದನ್ನು ಮುಚ್ಚುವುದು ಕ್ಷೇಮ.

ಬಾಣದ ಕೀಲಿಗಳ ಗೊಂದಲ

1981ರ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ಇದ್ದುದು 83 ಕೀಲಿಗಳು. ಬಾಣಗಳಿಗೆ ಪ್ರತ್ಯೇಕ ಸ್ಥಾನವಿರಲಿಲ್ಲ. ಬಲಬದಿಯ ಅಂಕಿಗಳ ಗುಂಪಿನಲ್ಲೇ ಅವು ಅಡಕವಾಗಿದ್ದವು. ಪ್ರತ್ಯೇಕ ಬಾಣಗಳು 101 ಕೀಲಿಗಳ ಮಣೆಯೊಡನೆ ಬಂದವು. ಆದ್ದರಿಂದಲೇ ಹಳೆಯ ಆಟಗಳು ಅಂಕಿಗಳ ಗುಂಪನ್ನು ನೆಚ್ಚಿಕೊಂಡಿವೆ. ಪ್ರಿನ್ಸ್‌ನಲ್ಲಿ ಅಲ್ಲಿನ 7 ಮತ್ತು 9 ಒತ್ತಿದರೆ ರಾಜಕುಮಾರ ಎಡಕ್ಕೆ, ಬಲಕ್ಕೆ ಜಿಗಿಯುತ್ತಾನೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಗುಂಪೇ ಇಲ್ಲ.

ಇದಕ್ಕೆ ಡಾಸ್‌ಬಾಕ್ಸ್‌ನಲ್ಲೇ ಮದ್ದಿದೆ. ಕಂಟ್ರೋಲ್ ಮತ್ತು ಎಫ್1 ಒತ್ತಿದರೆ ಕೀಲಿಮಣೆಯ ಚಿತ್ರವೊಂದು ತೆರೆದುಕೊಳ್ಳುತ್ತದೆ. ಅಲ್ಲಿ ಅಂಕಿ ಗುಂಪಿನ 7ನ್ನು ಆರಿಸಿ, ‘ಆ್ಯಡ್’ ಗುಂಡಿ ಒತ್ತಿ, ಆಟಕ್ಕೆ ಬೇಡವಾದ ಯಾವುದಾದರೂ ಕೀಲಿಯನ್ನು ಮುಟ್ಟಿದರೆ ಆ ಕೆಲಸ ಅದಕ್ಕೆ ವಹಿಸಿದಂತೆ. 9ಕ್ಕೂ ಹೀಗೆಯೇ ಮಾಡಿ, ‘ಸೇವ್’ ಒತ್ತಿ ಹೊರಬರಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್1 ಜೊತೆಗೆ ‘ಎಫ್ಎನ್’ ಕೀಲಿಯನ್ನೂ ಒತ್ತಬೇಕಾಗುತ್ತದೆ.

ಒಂದು ಕೀಲಿ ಒತ್ತಿದರೆ ಇನ್ನೊಂದು ಕೆಲಸ ನಡೆಯುವುದೂ ಉಂಟು. ಡಾಸ್‌ಬಾಕ್ಸ್ 0.74 ಸರಣಿಯ ಸಂರಚನಾ ಕಡತದಲ್ಲಿ ‘ಯೂಸ್‌ಸ್ಕ್ಯಾನ್‌ಕೋಡ್ಸ್’ ಎಂಬ ಸಾಲಿದೆ. ವಿಶೇಷವಾಗಿ ಲಿನಕ್ಸ್ ಬಳಕೆದಾರರು ಅದನ್ನು ‘ಟ್ರೂ’ ಬದಲಿಗೆ ‘ಫಾಲ್ಸ್’ ಎಂದು ತಿದ್ದಿ ನೋಡಬಹುದು.

ಮೂರನೆಯ ಕೀಲಿ ಏಕೆ ಕೆಲಸ ಮಾಡದು?

ಎರಡು ಬಾಣಗಳನ್ನು ಒತ್ತಿಹಿಡಿದು ಮೂರನೆಯ ಕೀಲಿ ಒತ್ತಿದಾಗ ಏನೂ ಆಗದಿದ್ದರೆ ತಪ್ಪು ತಂತ್ರಾಂಶದ್ದಲ್ಲ. ಕೀಲಿಮಣೆಯೊಳಗೆ ಪ್ರತಿ ಕೀಲಿಗೂ ಪ್ರತ್ಯೇಕ ತಂತಿ ಇರುವುದಿಲ್ಲ. ಅಡ್ಡ ಮತ್ತು ಉದ್ದ ಸಾಲುಗಳ ಜಾಲವಿರುತ್ತದೆ. ಆಯತವೊಂದರ ಮೂರು ಮೂಲೆಗಳ ಕೀಲಿಗಳನ್ನು ಒಮ್ಮೆಗೇ ಒತ್ತಿದರೆ ನಾಲ್ಕನೆಯ ಮೂಲೆಯದೂ ಒತ್ತಿದಂತೆ ಭಾಸವಾಗುತ್ತದೆ. ಈ ಭ್ರಮೆ ತಪ್ಪಿಸಲು ಅಗ್ಗದ ಮಣೆಗಳು ಮೂರನೆಯ ಕೀಲಿಯನ್ನೇ ನಿರಾಕರಿಸುತ್ತವೆ. ಬೇರೆ ಸಾಲಿನ ಕೀಲಿಗೆ ಆ ಕೆಲಸ ವಹಿಸುವುದು ಮೊದಲ ಉಪಾಯ. ಪ್ರತಿ ಕೀಲಿಗೂ ಡಯೋಡ್ ಇರುವ ಯುಎಸ್‌ಬಿ ಕೀಲಿಮಣೆ ಜೋಡಿಸುವುದು ಎರಡನೆಯದು.

ನಾಯಕ ತಾನಾಗಿಯೇ ನಡೆಯುತ್ತಿದ್ದರೆ?

ಯಾರೂ ಮುಟ್ಟದಿದ್ದರೂ ಪಾತ್ರ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಗಣಕಕ್ಕೆ ಜೋಡಿಸಿರುವ ಜಾಯ್‌ಸ್ಟಿಕ್ ಮೇಲೆ ಅನುಮಾನ ಪಡಬೇಕು. ಅದನ್ನು ಕಳಚಬೇಕು, ಇಲ್ಲವೇ ಸಂರಚನಾ ಕಡತದಲ್ಲಿ ‘ಜಾಯ್‌ಸ್ಟಿಕ್‌ಟೈಪ್’ ಮುಂದೆ ‘ನನ್’ ಎಂದು ಬರೆಯಬೇಕು. ಒಮ್ಮೆ ಮುಟ್ಟಿದರೆ ಆಟ ಎರಡು ಮೂರು ಬಾರಿ ಪ್ರತಿಕ್ರಿಯಿಸುತ್ತಿದ್ದರೆ ವೇಗ ಹೆಚ್ಚಾಗಿರಬಹುದು. ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ಅದು ತಗ್ಗುತ್ತದೆ.

ಬ್ರೌಸರ್‌ನಲ್ಲಿ ಆಡುವವರಿಗೂ ಎಚ್ಚರ ಬೇಕು. ಇಂಟರ್‌ನೆಟ್ ಆರ್ಕೈವ್ 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಆಟಗಳನ್ನು ಬ್ರೌಸರ್‌ನಲ್ಲೇ ಆಡುವಂತೆ ಒದಗಿಸಿತು. ಆದರೆ ಅಲ್ಲಿ ಕಂಟ್ರೋಲ್ ಒತ್ತಿಹಿಡಿದು ‘ಡಬ್ಲ್ಯು’ ಮುಟ್ಟಿದರೆ ಆಟದ ಪುಟವೇ ಮುಚ್ಚಿಹೋಗುತ್ತದೆ. ಕಂಟ್ರೋಲ್‌ನಿಂದ ಗುಂಡು ಹಾರಿಸುವ ಆಟಗಳನ್ನು ಗಣಕದಲ್ಲೇ ಸ್ಥಾಪಿಸಿಕೊಂಡು ಆಡುವುದು ಲೇಸು.

ಯಾವುದೇ ತೊಂದರೆಗೂ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸುವುದು ಜಾಣತನ. ಬೇರೆ ಕೀಲಿಮಣೆ ಜೋಡಿಸಿದಾಗ ಸರಿಹೋದರೆ ದೋಷ ಮಣೆಯದ್ದು. ಬೇರೆ ಆಟದಲ್ಲೂ ಮುಂದುವರಿದರೆ ವಿಂಡೋಸ್ ಅಥವಾ ಎಮ್ಯುಲೇಟರ್‌ನದ್ದು. ಒಂದೇ ಆಟಕ್ಕೆ ಸೀಮಿತವಾಗಿದ್ದರೆ ಆ ಆಟದ ಕೀಲಿಗಳನ್ನು ಮರುಹಂಚಬೇಕು.

ಕಳೆದುಹೋಯಿತೆಂದು ಭಾವಿಸಿದ್ದ ಆಪಲ್ 2 ಆವೃತ್ತಿಯ ಮೂಲ ಸಂಕೇತವಿದ್ದ ಡಿಸ್ಕ್‌ಗಳು 2012ರಲ್ಲಿ ಮೆಕ್ನರ್ ಅವರ ತಂದೆಗೆ ಸಿಕ್ಕವು. ಅದೇ ವರ್ಷ ಆ ಸಂಕೇತ ಎಲ್ಲರಿಗೂ ಮುಕ್ತವಾಯಿತು. ಆದರೆ ಸಂಕೇತ ಉಳಿದ ಮಾತ್ರಕ್ಕೆ ಆಟ ಉಳಿಯುವುದಿಲ್ಲ. ಅಂಚಿನಲ್ಲಿ ಬೆರಳು ಹೇಳಿದ ಕ್ಷಣಕ್ಕೇ ರಾಜಕುಮಾರ ಜಿಗಿಯಬೇಕು. ತಾನು ಬಾಲ್ಯದಲ್ಲಿ ಆಡಿದ ಆಟವನ್ನು ಮಗಳಿಗೆ ತೋರಿಸಹೊರಟ ತಂದೆಗೆ ಆ ಕ್ಷಣ ತಪ್ಪಿದರೆ, ಮಗುವಿನ ಪಾಲಿಗೆ ಅದು ಕೆಟ್ಟುಹೋದ ಹಳೆಯ ಆಟವಾಗಿಯೇ ಉಳಿಯುತ್ತದೆ.