ಪವರ್: ಒಂದು ಪದ, ಹಲವು ಅರ್ಥ

ಒಂದೇ ಪದಕ್ಕೆ ಪರಸ್ಪರ ನಂಟಿರುವ ಹಲವು ಅರ್ಥಗಳಿದ್ದರೆ ಅದನ್ನು ಅನೇಕಾರ್ಥಕ ಪದ ಎನ್ನುತ್ತಾರೆ. ಇಂಗ್ಲಿಷಿನ ‘ಪವರ್’ ಅಂಥದ್ದು. ಅನುವಾದಕ್ಕಿಳಿದರೆ ಅದು ಒಡೆದು ಬೇರೆ ಬೇರೆ ಪದಗಳಾಗುತ್ತದೆ. ಎಲ್ಲಿ ಒಡೆಯುತ್ತದೆ ಎಂಬುದು ಮಾತ್ರ ಭಾಷೆಯಿಂದ ಭಾಷೆಗೆ ಬೇರೆ.

ಕನ್ನಡದಲ್ಲಿ ಆಳುವವರ ಪವರ್ ‘ಅಧಿಕಾರ’. ಮನೆಗೆ ಬರುವ ಪವರ್ ‘ವಿದ್ಯುತ್’, ಆಡುಮಾತಿನಲ್ಲಿ ‘ಕರೆಂಟು’. ಇಳಕಲ್ಲಿನ ಪವರ್‌ಲೂಮ್ ಬರಹದಲ್ಲಿ ‘ವಿದ್ಯುತ್ ಮಗ್ಗ’ವಾಗುತ್ತದೆ. ಗಣಿತದ ಪವರ್ ‘ಘಾತ’. ಕನ್ನಡಕದ್ದು ಪಠ್ಯದಲ್ಲಿ ‘ಮಸೂರದ ಸಾಮರ್ಥ್ಯ’, ಅಂಗಡಿಯಲ್ಲಿ ಬರೀ ‘ಪವರ್’.

ಭೌತವಿಜ್ಞಾನದಲ್ಲಿ ಪದದ ಆಯ್ಕೆ ಇನ್ನೂ ಬಿಗಿ. ಅಲ್ಲಿ ಪವರ್ ‘ಸಾಮರ್ಥ್ಯ’, ಎನರ್ಜಿ ‘ಶಕ್ತಿ’. ನೀರೆತ್ತುವ ಯೋಜನೆಯೊಂದರ ಉದಾಹರಣೆ ನೋಡಿ. ಹುನಗುಂದ ತಾಲ್ಲೂಕಿನ ರಾಮಥಾಳ (ಮರೋಳ) ಯೋಜನೆ ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸಲು ರೂಪಿಸಿದ್ದು. ನೀರೆತ್ತುವ ಲೆಕ್ಕವನ್ನು ಸಣ್ಣ ಪ್ರಮಾಣದಲ್ಲಿ ನೋಡಬಹುದು. 1,000 ಲೀಟರ್ ನೀರನ್ನು 50 ಮೀಟರ್ ಎತ್ತಲು, ಘರ್ಷಣೆಯ ನಷ್ಟ ಬಿಟ್ಟು, ಸುಮಾರು 4.9 ಲಕ್ಷ ಜೂಲ್ ಶಕ್ತಿ ಬೇಕು. ಈ ಕೆಲಸ 100 ಸೆಕೆಂಡಿನಲ್ಲಿ ಮುಗಿಯಬೇಕಾದರೆ ಪಂಪಿನ ಸಾಮರ್ಥ್ಯ 4,900 ವ್ಯಾಟ್ ಇರಬೇಕು; 50 ಸೆಕೆಂಡಿನಲ್ಲಾದರೆ 9,800 ವ್ಯಾಟ್. ಶಕ್ತಿ ಅಷ್ಟೇ, ಸಾಮರ್ಥ್ಯ ಎರಡು ಪಟ್ಟು. ಇಲ್ಲಿ ಪವರ್ ಅನ್ನು ‘ಶಕ್ತಿ’ ಎಂದು ಬರೆದರೆ ಲೆಕ್ಕದ ಅರ್ಥವೇ ಕೆಡುತ್ತದೆ. ಆದರೂ 746 ವ್ಯಾಟಿನ ಹಾರ್ಸ್‌ಪವರ್ ಕನ್ನಡದಲ್ಲಿ ‘ಅಶ್ವಶಕ್ತಿ’ಯಾಗಿಯೇ ಉಳಿದಿದೆ, ಪಾರಿಭಾಷಿಕ ಪದಕ್ಕಿಂತ ರೂಢಿ ಗಟ್ಟಿ.

ಗ್ರೀಕಿನಲ್ಲಿ ವಿಂಗಡಣೆ ಬೇರೆ. ರಾಜಕೀಯ ಅಧಿಕಾರ ‘ಎಕ್ಸೂಸಿಯ’. ಭೌತವಿಜ್ಞಾನದ ಪವರ್ ‘ಇಸ್ಖಿಸ್’. ಗಣಿತದ ಘಾತಕ್ಕೆ ‘ದಿನಾಮಿ’. ಕನ್ನಡದಲ್ಲಿ ‘ಬಲ’ ಎನ್ನುವ ಭೌತ ಪರಿಮಾಣಕ್ಕೂ ಅದೇ ಪದ. ಪ್ರಾಚೀನ ಗ್ರೀಕ್ ಗಣಿತಜ್ಞರು ವರ್ಗಕ್ಕೆ ಇದರ ಹಳೆಯ ರೂಪ ‘ಡ್ಯುನಮಿಸ್’ ಅನ್ನು ಬಳಸುತ್ತಿದ್ದರು. ಅದರ ಲ್ಯಾಟಿನ್ ಅನುವಾದದ ಮೂಲಕವೇ ಇಂಗ್ಲಿಷಿನ ಗಣಿತಕ್ಕೆ ಪವರ್ ಬಂದಿತು. ಹೀಗಾಗಿ ಇಂಗ್ಲಿಷಿನ ಗಣಿತ ಪುಸ್ತಕವನ್ನು ಗ್ರೀಕಿಗೆ ತರುವಾಗ ಈ ಪದ ತವರಿಗೇ ಮರಳುತ್ತದೆ.

ಯಾವ ಅರ್ಥ ಹಿಡಿಯಬೇಕೆಂಬುದನ್ನು ಅಕ್ಕಪಕ್ಕದ ಪದಗಳು ಹೇಳುತ್ತವೆ. ‘ವ್ಯಾಟ್’ ಇದ್ದರೆ ಸಾಮರ್ಥ್ಯ, ‘ಚುನಾವಣೆ’ ಇದ್ದರೆ ಅಧಿಕಾರ, ‘ಮಸೂರ’ ಇದ್ದರೆ ಅದರ ಸಾಮರ್ಥ್ಯ ಅಳೆಯುವ ಡಯಾಪ್ಟರ್ ಲೆಕ್ಕ. ಅನುವಾದಿಸುವ ಕಂಪ್ಯೂಟರ್‌ಗಳೂ ಸುತ್ತಲಿನ ಪದಗಳನ್ನು ನೋಡಿಯೇ ಪದ ಆರಿಸುತ್ತವೆ. ‘ಪವರ್ ಹೆಚ್ಚಾಯಿತು’ ಎಂಬಂಥ ಬಿಡಿ ವಾಕ್ಯ ಸಿಕ್ಕರೆ ಯಂತ್ರಕ್ಕಾಗಲಿ ಮನುಷ್ಯರಿಗಾಗಲಿ ಊಹೆಯೇ ಗತಿ.